ಯಾರು ಮುಟ್ಟಿದ್ದು?

ನಮ್ಮ ಮನೆಗಳಲ್ಲಿ ಯಾವುದೇ ಯಂತ್ರ ಕೆಟ್ಟು ನಿಂತರೆ ಮೊದಲು ಹುಟ್ಟುವ ಪ್ರಶ್ನೆ "ಏನಾಯಿತು?" ಎಂಬುದಲ್ಲ, "ಯಾರು ಮುಟ್ಟಿದ್ದು?" ಎಂಬುದು. ಮಿಕ್ಸಿಯಿಂದ ಸುಟ್ಟ ವಾಸನೆ ಬರಲಿ, ಗ್ರೈಂಡರಿನ ಬೆಲ್ಟು ಜಾರಲಿ, ಮೋಟಾರು ನೀರೆತ್ತದೆ ಸುಮ್ಮನೆ ಗುಂಯ್‌ಗುಡಲಿ, ಪ್ರಶ್ನೆ ಇದೊಂದೇ. ಉತ್ತರವೂ ಮೊದಲೇ ಗೊತ್ತಿರುತ್ತದೆ. ಗಂಡಸರ ಕೈಯಲ್ಲಿ ಕೆಟ್ಟರೆ ಯಂತ್ರ ಹಳೆಯದಾಗಿತ್ತು. ಹೆಂಗಸರ ಕೈಯಲ್ಲಿ ಕೆಟ್ಟರೆ ಕೈಯೇ ಸರಿಯಿಲ್ಲ. ನೀವೂ ಈ ಮಾತು ಕೇಳಿರುತ್ತೀರಿ. ಕೇಳಿ ಕೇಳಿ ಅಭ್ಯಾಸವಾಗಿ, ಯಂತ್ರ ನಿಂತ ಕೂಡಲೆ ನಾವೇ ನಮ್ಮ ಕೈ ನೋಡಿಕೊಳ್ಳುವುದೂ ಉಂಟು.

ಈ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಕೇಳುವುದನ್ನು ನಮ್ಮ ಮನೆಯ ಹೆಂಗಸರಿಗೆ ಕಲಿಸಿದವರು ನನ್ನ ಸೋದರಮಾವ. ಕಲಿಸಿದ್ದು ಮಿಕ್ಸಿಯನ್ನೋ ಗ್ರೈಂಡರನ್ನೋ ಮುಂದಿಟ್ಟುಕೊಂಡಲ್ಲ, ಒಂದು ರೈಫಲ್ಲಿನ ನೆಪದಲ್ಲಿ. ಹೆಂಗಸರಿಗೆ ಬಂದೂಕಿನ ಮಾತೇಕೆ ಎಂದು ಪುಟ ತಿರುಗಿಸಬೇಡಿ. ಅದರ ಹೊಟ್ಟೆಯೊಳಗೆ ನಡೆಯುವುದು ನಮ್ಮ ಅಡಿಗೆಮನೆಯ ಕುಕ್ಕರಿನಲ್ಲೂ ಹೊಲಿಗೆ ಮೆಷಿನ್ನಿನಲ್ಲೂ ದಿನಾ ನಡೆಯುವಂಥದೇ.

ಮಾವ ಪೊಲೀಸ್ ಇಲಾಖೆಯಲ್ಲಿ ಆರ್ಮರರ್ ಆಗಿದ್ದವರು. ಅಂದರೆ ಬಂದೂಕು ಹಿಡಿದು ಓಡುವ ಕೆಲಸವಲ್ಲ, ಹಾಗೆ ಓಡಿ ಬಂದವರ ಬಂದೂಕನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಕೆಟ್ಟಿದ್ದನ್ನು ಸರಿಮಾಡಿ ಮತ್ತೆ 'ಕೋತ್'ನಲ್ಲಿ, ಎಂದರೆ ಆಯುಧದ ಕೋಣೆಯಲ್ಲಿ, ಸಾಲಾಗಿ ನಿಲ್ಲಿಸುವ ಕೆಲಸ. ಮೂವತ್ತು ವರ್ಷಕ್ಕೂ ಮೇಲೆ ಅದನ್ನೇ ಮಾಡಿ ನಿವೃತ್ತರಾಗಿ ಚನ್ನಪಟ್ಟಣದಲ್ಲಿ ಮನೆ ಕಟ್ಟಿಕೊಂಡರು. ನಳಿಕೆಯೊಳಗೆ ಹಗ್ಗ ಎಳೆದು ಒರೆಸುವ ಬಟ್ಟೆಯ ತುಂಡಿಗೆ ಅವರ ಲೋಕದಲ್ಲಿ 'ಚಿಂದಿ' ಎಂದು ಹೆಸರು. ಹಾಗಾಗಿ ಮೆತ್ತನೆಯ ಹಳೆ ಬಟ್ಟೆ ಕಂಡರೆ ಅವರಿಗೆ ಇಂದಿಗೂ ಆಸೆ. "ನನ್ನ ಸೀರೆ ಒಣಗಾಕೋ ಅಂಗಿಲ್ಲ ಕಣವ್ವ, ಇವರ ಕಣ್ಣಿಗೆ ಅದು ಚಿಂದಿಯಾಗೇ ಕಾಣ್ತದೆ," ಎಂದು ಅತ್ತೆ ನಗುತ್ತಿದ್ದರು.

ನಮ್ಮ ಸೀಮೆಗೆ ಬಂದೂಕು ಹೊಸದೇನಲ್ಲ. 1975ರಲ್ಲಿ ತೆರೆಗೆ ಬಂದ 'ಷೋಲೆ'ಗಾಗಿ ರಾಮನಗರದ ಬಂಡೆಗಳ ನಡುವೆ ಹಾರಿದ ಸಿನಿಮಾ ಗುಂಡುಗಳ ಕಥೆಯನ್ನು ಹಿರಿಯರು ಈಗಲೂ ಹೇಳುತ್ತಾರೆ. ಕನಕಪುರದ ಕಾಡಂಚಿನ ಊರುಗಳಲ್ಲಿ ಆನೆ, ಹಂದಿಗಳಿಂದ ಬೆಳೆ ಕಾಯಲು ಲೈಸನ್ಸಿನ ನಾಡಬಂದೂಕು ಇಟ್ಟುಕೊಂಡವರಿದ್ದಾರೆ; ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಯ್ದು ಒಪ್ಪಿಸಿ ಚೀಟಿ ತರುವುದು ವಾಡಿಕೆ. ಆದರೆ ನಾನೀಗ ಹೇಳುವುದು ಆ ಬಂದೂಕಲ್ಲ. ಅದು ಒಂದು ಸಲ ತುಂಬಿದರೆ ಒಂದು ಸಲ ಹಾರಿ ಸುಮ್ಮನಾಗುತ್ತದೆ. ಇದು ಎಸ್ಎಲ್ಆರ್, ಎಂದರೆ ಒಂದು ಗುಂಡು ಹಾರಿದ ಮೇಲೆ ಇನ್ನೊಂದನ್ನು ತಾನೇ ತುಂಬಿಕೊಳ್ಳುವ ರೈಫಲ್. ಬೆಲ್ಜಿಯಂ ದೇಶದವರ ಎಫ್ಎಎಲ್ ಎಂಬ ರೈಫಲ್ಲಿನ ಮಾದರಿಯಲ್ಲಿ ನಮ್ಮ ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ತಯಾರಾದದ್ದು. 1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರ ಕೈಯಲ್ಲಿದ್ದದ್ದು ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ ಹಳೆಯ ತ್ರೀನಾಟ್‌ತ್ರೀ. ಆ ಯುದ್ಧದ ನಂತರ ಎಸ್ಎಲ್ಆರ್ ಸೈನ್ಯಕ್ಕೆ ಬಂತು, ಆಮೇಲೆ ಪೊಲೀಸರಿಗೂ ಬಂತು. ಬೆಳೆ ಕಾಯಲು ಲೈಸನ್ಸ್ ಕೇಳುವವರಿಗೆ ಇಂಥ ಆಯುಧ ಸಿಗುವುದಿಲ್ಲ. ಅದು ಸರಿಯೂ ಹೌದು.

ಈ ರೈಫಲ್ ನಮ್ಮ ಮನೆಯ ಮಾತಿನೊಳಗೆ ಬಂದದ್ದು ಅಕ್ಕನ ಮಗಳಿಂದ. ಅಕ್ಕನನ್ನು ಕೊಟ್ಟಿರುವುದು ಮಾಗಡಿ ತಾಲ್ಲೂಕಿನ ಒಂದು ಹಳ್ಳಿಗೆ. ಎರಡೆಕರೆ ರಾಗಿ ಹೊಲ, ನಾಲ್ಕು ಸೀಮೆಹಸು. ಮಗಳು ಡಿಗ್ರಿ ಮುಗಿಸಿ, ಬೆಳಗಿನ ಜಾವ ಎದ್ದು ಕೆರೆ ಏರಿಯ ಮೇಲೆ ಓಡಿ ಓಡಿ, ಕೆಲವು ವರ್ಷಗಳ ಹಿಂದೆ ಪೊಲೀಸ್ ಕಾನ್ಸ್‌ಟೇಬಲ್ ಕೆಲಸಕ್ಕೆ ಆಯ್ಕೆಯಾದಳು. ಊರಿನವರು "ಹೆಣ್ಣುಮಗಳಿಗೆ ಲಾಠಿ ಯಾಕವ್ವ, ಮೇಷ್ಟ್ರು ಕೆಲಸ ಸಿಗಲಿಲ್ಲವಾ?" ಅಂದರು. ಭಾವನೂ ಒಳಗೊಳಗೇ ಹಾಗೇ ಅಂದುಕೊಂಡಿದ್ದರು. ಅಕ್ಕ ಮಾತ್ರ ಗಟ್ಟಿಯಾಗಿ ನಿಂತು ಕಳಿಸಿದಳು. ತರಬೇತಿ ನಮ್ಮ ಕಡೆಯಲ್ಲ, ದೂರದ ಒಂದು ಶಾಲೆಯಲ್ಲಿ. ಹೆಸರು ಇಲ್ಲಿ ಬೇಡ.

ಆರೇಳು ತಿಂಗಳಾದ ಮೇಲೆ ಎರಡು ದಿನದ ರಜೆಗೆ ಬಂದವಳು ಮೊದಲು ರಾಮನಗರದಲ್ಲಿ ನಮ್ಮ ಮನೆಗೆ ಇಳಿದಳು. ಮುಖ ಸೊರಗಿತ್ತು. ಊಟಕ್ಕೆ ಕರೆದರೆ "ಹಸಿವಿಲ್ಲ ಚಿಕ್ಕವ್ವ" ಎಂದಳು. ಮಾವನೂ ಆ ದಿನ ಏನೋ ಕೆಲಸಕ್ಕೆ ಚನ್ನಪಟ್ಟಣದಿಂದ ಬಂದಿದ್ದರು. ಅವರು ಬೂಟಿನ ವಿಚಾರ, ಪರೇಡಿನ ವಿಚಾರ ಕೇಳುತ್ತಾ ಕೇಳುತ್ತಾ "ಫೈರಿಂಗ್ ಹೆಂಗದೆ ಮಗಾ?" ಅಂದದ್ದೇ ತಡ, ಹುಡುಗಿಯ ಕಣ್ಣು ತುಂಬಿತು.

ಅಭ್ಯಾಸದ ಫೈರಿಂಗಿನಲ್ಲಿ ಅವಳ ರೈಫಲ್ ಎರಡು ಮೂರು ಗುಂಡಿಗೊಮ್ಮೆ ನಿಂತುಬಿಡುತ್ತಿತ್ತಂತೆ. ಕೆಲವು ಸಲ ಖಾಲಿ ತೋಟಾ ಹೊರಗೆ ಬೀಳದೆ ಬಾಯಲ್ಲೇ ಸಿಕ್ಕಿಕೊಳ್ಳುವುದು; ಕೆಲವು ಸಲ ಅದು ಬಿದ್ದರೂ ಹೊಸ ತೋಟಾ ಒಳಗೆ ಬರದೆ, ಕುದುರೆ ಒತ್ತಿದರೆ ಬರೀ 'ಟಿಕ್' ಎಂಬ ಶಬ್ದ. ಜೊತೆಯವರು ಗುರಿಯ ಹಲಗೆಯಲ್ಲಿ ತೂತು ಎಣಿಸುತ್ತಿದ್ದರೆ ಇವಳು ಸಿಕ್ಕಿಕೊಂಡ ತೋಟಾ ಬಿಡಿಸುತ್ತಾ ಕೂರುವುದು. ಉಸ್ತಾದರು, ಅಂದರೆ ಆಯುಧ ಕಲಿಸುವವರು, ಮೊದಲ ದಿನವೇ ತೀರ್ಪು ಕೊಟ್ಟಿದ್ದರು: "ಭುಜದಲ್ಲಿ ಬಲ ಇಲ್ಲ. ಗಟ್ಟಿಯಾಗಿ ಹಿಡಿಯಲ್ಲ, ಅದಕ್ಕೇ ನಿಲ್ಲುತ್ತೆ." ಅಲ್ಲಿಂದ ಅವಳಿಗೆ ದಿನಾ ಸಂಜೆ ಹೆಚ್ಚುವರಿ ದಂಡ. ಭುಜ ಊದಿ ನೀಲಿಯಾಗಿತ್ತು. ಆದರೂ ರೈಫಲ್ ನಿಲ್ಲುವುದು ನಿಲ್ಲಲಿಲ್ಲ. ಇನ್ನು ಹದಿನೈದು ದಿನಕ್ಕೆ ಪರೀಕ್ಷೆಯ ಫೈರಿಂಗು. "ಅದರಲ್ಲಿ ಹೋದರೆ ಮತ್ತೆ ಊರಿಗೆ ಯಾವ ಮುಖ ಇಟ್ಕಂಡು ಬರಲಿ ತಾತ? ನನ್ನ ಕೈಲಾಗಲ್ಲ ಅಂತ ಅಪ್ಪನಿಗೆ ಆಗಲೇ ಅನ್ನಿಸೈತೆ," ಎಂದಳು.

ಮಾವ ಸಮಾಧಾನ ಹೇಳಲಿಲ್ಲ. "ಖಾಲಿ ತೋಟಾ ಬಿದ್ದಾಗ ಎಷ್ಟು ದೂರ ಬೀಳ್ತದೆ?" ಎಂದು ಕೇಳಿದರು. ಹುಡುಗಿ ಯೋಚಿಸಿ, "ನನ್ನದು ಮೊಣಕೈ ಹತ್ರಾನೇ ಬೀಳ್ತದೆ. ಪಕ್ಕದವಳದ್ದು ದೂರ ಹಾರ್ತದೆ," ಎಂದಳು. ಫೈರಿಂಗ್ ಮುಗಿದ ಮೇಲೆ ಖಾಲಿ ತೋಟಾಗಳನ್ನೆಲ್ಲ ಆರಿಸಿ ಎಣಿಸಿ ಒಪ್ಪಿಸಬೇಕಲ್ಲ, ಹಾಗಾಗಿ ಗಮನಿಸಿದ್ದಳು. "ಹಂಗಾದ್ರೆ ನಿನ್ನ ಭುಜ ಬುಡು, ಬಾ ಇಲ್ಲಿ," ಎಂದು ಮಾವ ಅವಳನ್ನು ನನ್ನ ಹೊಲಿಗೆ ಮೆಷಿನ್ನಿನ ಮುಂದೆ ಕೂರಿಸಿದರು.

ನಾನು ಬ್ಲೌಸು, ಫಾಲ್ಸು ಹೊಲಿದು ನಾಲ್ಕು ಕಾಸು ನೋಡುವವಳು. ಮೆಷಿನ್ನು ತುಳಿಯುವುದೇ, ಆಮೇಲೆ ಮೋಟಾರು ಕೂಡಿಸಿದ್ದು. ಮಾವ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿದರು. ಸೂಜಿ ಇಳಿಯಿತು, ಅಡಿಯ ಕೊಕ್ಕೆ ದಾರದ ಕುಣಿಕೆ ಹಿಡಿಯಿತು, ಸೂಜಿ ಮೇಲೆದ್ದಿತು, ಮೇಲಿನ ಕಡ್ಡಿ ದಾರ ಬಿಗಿಯಿತು, ಕೆಳಗಿನ ಹಲ್ಲು ಬಟ್ಟೆಯನ್ನು ಒಂದು ಕಾಳಿನಷ್ಟು ಮುಂದೆ ತಳ್ಳಿತು. "ಒಂದು ಹೊಲಿಗೆ ಅಂದ್ರೆ ಇಷ್ಟೂ ಕೆಲಸ, ಇದೇ ಸಾಲಿನಲ್ಲಿ. ಒಂದು ಅರ್ಧಕ್ಕೆ ನಿಂತ್ರೆ ಮುಂದಿನದು ಆಗಾಕಿಲ್ಲ. ರೈಫಲ್ಲೂ ಇಂಗೇ," ಎಂದು ಬೆರಳು ಮಡಿಸಿ ಎಣಿಸಿದರು. ಗುಂಡು ಹಾರುವುದು, ಬೀಗ ಬಿಚ್ಚುವುದು, ಖಾಲಿ ತೋಟಾವನ್ನು ಎಳೆಯುವುದು, ಅದನ್ನು ಹೊರಗೆ ಎಸೆಯುವುದು, ಒಳಗಿನ ಸುತ್ತಿಗೆ ಮತ್ತೆ ಏರಿ ಕೂರುವುದು, ಮ್ಯಾಗಜಿನ್ನಿನಿಂದ ಹೊಸ ತೋಟಾ ಎತ್ತಿಕೊಳ್ಳುವುದು, ಅದನ್ನು ನಳಿಕೆಯ ಬುಡದಲ್ಲಿ ಕೂರಿಸುವುದು, ಮತ್ತೆ ಬೀಗ ಬೀಳುವುದು. ಎಂಟು ಕೆಲಸ, ಕಣ್ಣು ಮಿಟುಕಿಸುವುದರೊಳಗೆ. "ಅದಕ್ಕೇ ಯಾರು ಹಿಡಿದಿದ್ರು ಅಂತ ಕೇಳಬಾರದು ಮಗಾ. ಎಂಟರಲ್ಲಿ ಎಲ್ಲಿ ನಿಂತಿತು ಅಂತ ಕೇಳಬೇಕು."

ಇಷ್ಟು ಕೆಲಸ ಮಾಡುವ ಬಲ ಎಲ್ಲಿಂದ ಬರುತ್ತದೆ? ಇಲ್ಲಿ ಮಾವ ನನ್ನನ್ನು ಕರೆದು ಕುಕ್ಕರ್ ತರಿಸಿದರು! ಅಮೆರಿಕದ ಜಾನ್ ಬ್ರೌನಿಂಗ್ ಎಂಬ ಬಂದೂಕಿನ ಕುಶಲಿಗ 1889ರ ಸುಮಾರಿಗೆ ಒಂದು ಸಂಗತಿ ಗಮನಿಸಿದನಂತೆ. ಗುಂಡು ಹಾರಿದಾಗ ನಳಿಕೆಯ ಬಾಯಿಯಿಂದ ನುಗ್ಗುವ ಬಿಸಿಗಾಳಿಗೆ ಎದುರಿನ ಹುಲ್ಲೆಲ್ಲ ಬಾಗುತ್ತಿತ್ತು. ವ್ಯರ್ಥವಾಗುವ ಈ ಬಲದಿಂದಲೇ ಬಂದೂಕು ತಾನೇ ತುಂಬಿಕೊಳ್ಳುವಂತೆ ಮಾಡಬಾರದೇಕೆ ಎಂದು ಹೊರಟ. ಎಫ್ಎಎಲ್ ರೂಪಿಸಿದ ಬೆಲ್ಜಿಯಂನ ಸೈವ್ ಅದೇ ಬ್ರೌನಿಂಗ್ ಜೊತೆ ದುಡಿದವನು. ನಮ್ಮ ಎಸ್ಎಲ್ಆರ್‌ನಲ್ಲಿ ನಳಿಕೆಗೆ ಒಂದು ಸಣ್ಣ ತೂತಿದೆ. ಗುಂಡಿನ ಹಿಂದೆ ನುಗ್ಗುವ ಗ್ಯಾಸಿನಲ್ಲಿ ಒಂದಿಷ್ಟು ಆ ತೂತಿನಿಂದ ಏರಿ ಪಿಸ್ಟನ್ ತಳ್ಳುತ್ತದೆ. ಪಿಸ್ಟನ್ ಒಳಗಿನ ಗಾಡಿಯನ್ನು ಹಿಂದಕ್ಕೆ ತಳ್ಳುತ್ತದೆ. ಹೆಚ್ಚಾದ ಗ್ಯಾಸು ಹೊರಗೆ ಹೋಗಲು ಒಂದು ಕಿಂಡಿ, ಎಷ್ಟು ಹೋಗಬೇಕೆಂದು ತಿರುಗಿಸಿ ಇಡಲು ಒಂದು ರೆಗ್ಯುಲೇಟರ್. ಕುಕ್ಕರಿನ ವೇಟ್ ಮಾಡುವ ಕೆಲಸವನ್ನೇ ಅದೂ ಮಾಡುವುದು. ಹಿಂದೆ ಹೋದ ಗಾಡಿಯನ್ನು ಮುಂದಕ್ಕೆ ತರುವುದು ಹಿಡಿಯ ಬುಡದೊಳಗಿನ ಸ್ಪ್ರಿಂಗ್.

"ಈಗ ಹೇಳು, ಇದರಲ್ಲಿ ನಿನ್ನ ಭುಜದ ಕೆಲಸ ಎಲ್ಲೈತೆ?" ಎಂದರು ಮಾವ. "ಭುಜ ಸಡಿಲ ಇದ್ರೆ ಭುಜಕ್ಕೆ ಏಟು ಬೀಳ್ತದೆ, ಗುರಿ ತಪ್ತದೆ. ಗಾಡಿ ಓಡ್ಸೋದು ಗ್ಯಾಸು. ತೋಟಾ ಮೊಣಕೈ ಹತ್ರ ಬೀಳ್ತದೆ ಅಂದ್ರೆ ಗಾಡಿ ಪೂರಾ ಹಿಂದಕ್ಕೆ ಹೋಗ್ತಾ ಇಲ್ಲ. ಕುಕ್ಕರಿನ ತೂತು ಕಟ್ಟಿದಂಗೆ ಅಲ್ಲೂ ಮಸಿ ಕಟ್ಟಿರಬೇಕು, ಇಲ್ಲಾ ಕಿಂಡಿ ಜಾಸ್ತಿ ತೆರೆದು ಗ್ಯಾಸು ಪೋಲಾಗ್ತಿರಬೇಕು, ಇಲ್ಲಾ ಯಾರೋ ಸ್ಪ್ರಿಂಗ್ ಬದಲಾಯಿಸಿರಬೇಕು."

ಹುಡುಗಿಯ ಮುಖಕ್ಕೆ ಸ್ವಲ್ಪ ರಕ್ತ ಬಂತು. ಆದರೆ ಉಸ್ತಾದರಿಗೆ ಹೇಳುವುದು ಹೇಗೆ? ತರಬೇತಿಗೆ ಬಂದವಳು, ಅದರಲ್ಲೂ ಹೆಣ್ಣುಮಗಳು, "ನನ್ನ ತಪ್ಪಲ್ಲ, ರೈಫಲ್ಲಿನದು" ಎಂದರೆ ನೆಪ ಎನ್ನುವುದಿಲ್ಲವೇ? ರೆಗ್ಯುಲೇಟರನ್ನು ಅವಳೇ ತಿರುಗಿಸಿ ನೋಡುವಂತಿಲ್ಲ; ಮಾವ ಅದನ್ನು ಮೊದಲೇ ತಡೆದರು. ಗ್ಯಾಸು ಪೂರ್ತಿ ಬಿಟ್ಟರೆ ಆ ಹೊತ್ತಿಗೆ ರೈಫಲ್ ಓಡಬಹುದು, ಆದರೆ ಒಳಗಿನ ಭಾಗಗಳಿಗೆ ಏಟು ಬಿದ್ದು ಬಿದ್ದು ಒಂದು ದಿನ ಮುರಿಯುತ್ತವೆ. ಓಡುವುದಕ್ಕೆ ಬೇಕಾದಷ್ಟೇ ಕೊಡಬೇಕು, ಅದನ್ನು ಇಡುವವನು ಆರ್ಮರರ್. ಅವಳು ಮಾಡಬಹುದಾದ್ದು ಒಂದೇ. ಬೇರೇನನ್ನೂ ಬದಲಿಸದೆ, ರೈಫಲ್ ಅದೇ, ಮ್ಯಾಗಜಿನ್ ಅದೇ, ತೋಟಾ ಅವೇ ಇರುವಂತೆ ಕೈ ಮಾತ್ರ ಬದಲಾಯಿಸಿ ನೋಡುವುದು. ಕೈ ಬದಲಾದರೂ ನಿಂತರೆ ದೋಷ ಕೈಯದಲ್ಲ. "ಕೇಳೋವಾಗ ವಾದ ಮಾಡಬೇಡ. ಕಲಿಯಾಕೆ ಕೇಳ್ತಿದೀನಿ ಅನ್ನು," ಎಂದರು.

ಆಮೇಲೆ ನಡೆದದ್ದನ್ನು ಅವಳು ಫೋನಿನಲ್ಲಿ ಹೇಳಿದಳು. ಮುಂದಿನ ಫೈರಿಂಗಿನಲ್ಲಿ ರೈಫಲ್ ನಿಂತಾಗ ಕ್ರಮದಂತೆ ಮ್ಯಾಗಜಿನ್ ತೆಗೆದು, ಒಳಗೆ ತೋಟಾ ಇಲ್ಲವೆಂದು ನೋಡಿಕೊಂಡು, ಬಾಯಿ ಗುರಿಯ ಕಡೆಗೇ ಇಟ್ಟು ಕೈ ಎತ್ತಿದಳಂತೆ. "ಉಸ್ತಾದ್ ಸಾರ್, ಗಟ್ಟಿಯಾಗಿ ಹಿಡಿಯೋದು ಹೆಂಗೆ ಅಂತ ಇದರಲ್ಲೇ ಐದು ರೌಂಡ್ ಹೊಡೆದು ತೋರಿಸಿ ಸಾರ್. ನೋಡಿ ಕಲಿತ್ಕೋತೀನಿ," ಎಂದಳು. ಉಸ್ತಾದರು ಹೆಮ್ಮೆಯಿಂದಲೇ ಮಲಗಿ, ಹಿಡಿ ಭುಜಕ್ಕೊತ್ತಿದರು. ಒಂದು, ಎರಡು. ಮೂರನೆಯದಕ್ಕೆ 'ಟಿಕ್'. ಮತ್ತೆ ಸರಿಮಾಡಿ ಹೊಡೆದರು. ಮತ್ತೆ ಖಾಲಿ ತೋಟಾ ಬಾಯಲ್ಲಿ ಕಚ್ಚಿಕೊಂಡಿತು. ಸಾಲಿನಲ್ಲಿ ಯಾರೂ ನಗಲಿಲ್ಲ, ನಗುವ ಧೈರ್ಯ ಯಾರಿಗಿದೆ? ಉಸ್ತಾದರು ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡು, "ಇದನ್ನ ಕೋತ್‌ಗೆ ಕೊಡು. ಬೇರೆ ರೈಫಲ್ ತಗೋ," ಎಂದಷ್ಟೇ ಹೇಳಿದರು. ಬೇರೆ ರೈಫಲ್ಲಿನಲ್ಲಿ ಅವಳ ಗುಂಡುಗಳೆಲ್ಲ ಒಂದೂ ನಿಲ್ಲದೆ ಹಾರಿದವು. ಭುಜ ಅದೇ.

ಕೋತಿನ ಆರ್ಮರರ್ ರೈಫಲ್ ಬಿಚ್ಚಿದಾಗ ಮಾವ ಹೇಳಿದ್ದೇ ನಿಜವಾಯಿತು. ಹಿಡಿಯ ಬುಡದಲ್ಲಿ ಒಂದರೊಳಗೊಂದು ಕೂರುವ ಎರಡು ಸ್ಪ್ರಿಂಗ್ ಇರುತ್ತವೆ. ಅವುಗಳಲ್ಲೊಂದು ಆ ರೈಫಲ್ಲಿನದೇ ಅಲ್ಲ, ಹೆಚ್ಚು ಬಿಗಿಯಾದ ಬೇರೊಂದು. ಹಿಂದೊಮ್ಮೆ ಅದರ ಬೋಲ್ಟ್ ಪೂರ್ತಿ ಮುಂದಕ್ಕೆ ಹೋಗಿ ಕೂರುತ್ತಿರಲಿಲ್ಲವಂತೆ. ತೋಟಾ ಕೂರುವ ಜಾಗದ ಕೊಳೆ ತೆಗೆದಿದ್ದರೆ ಸರಿಹೋಗುತ್ತಿತ್ತು. ಅದರ ಬದಲು ಯಾರೋ ಜಾಣರು ಬಿಗಿ ಸ್ಪ್ರಿಂಗ್ ಹಾಕಿ ದೂಡಿಸಿದ್ದರು. ಮುಂದಕ್ಕೆ ಹೋಗುವ ತೊಂದರೆ ಮುಚ್ಚಿಹೋಯಿತು, ಹಿಂದಕ್ಕೆ ಬರುವ ತೊಂದರೆ ಹುಟ್ಟಿತು. ಅಷ್ಟು ಬಿಗಿಯನ್ನು ಹಿಂದೆ ತಳ್ಳಲು ಗ್ಯಾಸಿಗೆ ಶಕ್ತಿ ಸಾಲದು. ಅವರ ಜಾಣತನದ ಲೆಕ್ಕ ನಮ್ಮ ಹುಡುಗಿಯ ಭುಜದ ಮೇಲೆ ನೀಲಿಯಾಗಿ ಬರೆಯಿತು.

ಈ ಸುದ್ದಿ ಕೇಳಿ ಮಾವ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. "ಕಾರ್ಖಾನೆಯಿಂದ ಬಂದ ರೈಫಲ್ ಕೆಟ್ರೆ ಹುಡುಕೋದು ಸುಲಭ ಕಣವ್ವ. ಯಾರೋ ಸುಧಾರಿಸಿದ ರೈಫಲ್ ಕೆಟ್ರೆ ಕಷ್ಟ. ಅದಕ್ಕೇ ಮೊದಲು ಕೇಳಬೇಕು, ಕೊನೇಲಿ ಇದರಲ್ಲಿ ಏನು ಬದಲಾಯಿಸಿದ್ರಿ ಅಂತ."

ನಮ್ಮ ತಾಲ್ಲೂಕುಗಳಲ್ಲಿ ಕಣ್ಣು ಹಾಯಿಸಿದರೆ ಹೀಗೆ 'ಸುಧಾರಿಸಿದ' ಯಂತ್ರಗಳೇ ಹೆಚ್ಚು. ರಾಮನಗರದಲ್ಲಿ ಕೈಯಿಂದ ತಿರುಗಿಸುತ್ತಿದ್ದ ನೂಲು ಬಿಚ್ಚುವ ಚರಕಕ್ಕೆ ಮೋಟಾರು ಬಂತು. ಚನ್ನಪಟ್ಟಣದ ಬೊಂಬೆ ಕಡೆಯುವ ಪಟ್ಟಡಿಗೂ ಬಂತು. ನನ್ನ ಮೆಷಿನ್ನಿಗೂ ಬಂತು. ಬಂದದ್ದು ಒಳ್ಳೆಯದೇ, ಕಾಲು ನೋವು ಹೋಯಿತು. ಆದರೆ ಒಂದು ಕಡೆ ವೇಗ ಹೆಚ್ಚಿಸಿದರೆ ಉಳಿದ ಏಳು ಕಡೆಯೂ ಅದಕ್ಕೆ ತಕ್ಕಂತೆ ಹೊಂದಬೇಕು. ಹೊಂದದಿದ್ದರೆ ನೂಲು ಕಿತ್ತುಹೋಗುತ್ತದೆ. ಕಿತ್ತುಹೋದ ನೂಲಿಗೆ ಬೈಸಿಕೊಳ್ಳುವವಳು ಮಾತ್ರ ಬಾಂಡ್ಲಿಯ ಬಿಸಿನೀರಿನಲ್ಲಿ ಬೆರಳಿಟ್ಟು ಕೂತ ಹೆಣ್ಣುಮಗಳು.

ಮನೆಯ ಬಾಳುವೆಯಲ್ಲೂ ಇದನ್ನೇ ಕಾಣುತ್ತೇನೆ. ಸೊಸೆ ಹೊರಗೆ ಕೆಲಸಕ್ಕೆ ಹೊರಟಳೆಂದರೆ ಸಂಸಾರಕ್ಕೆ ಮೋಟಾರು ಕೂಡಿಸಿದಂತೆ. ಸಂಬಳ ಬಂತು, ಸಂತೋಷ. ಆದರೆ ಬೆಳಗಿನ ತಿಂಡಿ, ಮಕ್ಕಳ ಸ್ಕೂಲು, ಅತ್ತೆಯ ಔಷಧಿ, ಇವು ಯಾವುವೂ ಹೊಸ ವೇಗಕ್ಕೆ ಹೊಂದಿಕೊಳ್ಳದೆ ಹಳೆಯ ಜಾಗದಲ್ಲೇ ಇರುತ್ತವೆ. ಒಂದು ದಿನ ಎಲ್ಲೋ ಸಿಕ್ಕಿಕೊಂಡು ನಿಂತಾಗ "ಇವಳ ಕೈಲಾಗಲ್ಲ" ಎಂಬ ತೀರ್ಪು ಬರುತ್ತದೆ. ಎಲ್ಲಿ ನಿಂತಿತು, ಏನು ಬದಲಾಗಿತ್ತು ಎಂದು ಕೇಳುವವರಿಲ್ಲ.

ಆದ್ದರಿಂದ ಯಂತ್ರ ನಿಂತಾಗ ಮಾವನ ಪಾಠ ನೆನಪಿಡಿ. ಮೊದಲು ಅಪಾಯ ಕಳೆಯಿರಿ: ಅವರು ಮ್ಯಾಗಜಿನ್ ತೆಗೆಯುತ್ತಾರೆ, ನಾವು ಪ್ಲಗ್ ಕೀಳೋಣ. ಸಿಡಿಯದ ತೋಟಾ ಇದ್ದರೆ ಅವರು ತಕ್ಷಣ ಬಾಯಿ ತೆರೆಯುವುದಿಲ್ಲ. ಕುಕ್ಕರಿನ ಮುಚ್ಚಳಕ್ಕೂ ಅದೇ ನಿಯಮ. ಎಲ್ಲಿ ನಿಂತಿದೆಯೋ ಅಲ್ಲಿಯೇ ನೋಡಿ, ಗಡಿಬಿಡಿಯಲ್ಲಿ ಎಳೆದಾಡಿ ಗುರುತು ಅಳಿಸಬೇಡಿ. ಕೊನೆಗೆ ಏನು ಬದಲಾಯಿತೆಂದು ಜ್ಞಾಪಿಸಿಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಆಮೇಲೂ ಯಾರಾದರೂ ನಿಮ್ಮ ಕೈಯನ್ನೇ ಬೈದರೆ, ಜಗಳ ಬೇಡ. "ನೀವೇ ಒಂದು ಸಲ ತೋರಿಸಿಕೊಡಿ" ಎಂದು ವಿನಯದಿಂದ ಕೇಳಿ, ಪಕ್ಕಕ್ಕೆ ಸರಿದು ಜಾಗ ಕೊಡಿ.

ಅಕ್ಕನ ಮಗಳು ಪರೀಕ್ಷೆಯ ಫೈರಿಂಗಿನಲ್ಲಿ ಪಾಸಾಗಿ ಈಗ ಠಾಣೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ. ಭಾವ ಸಂತೆಯಲ್ಲಿ ಸಿಕ್ಕವರಿಗೆಲ್ಲ ಅವಳ ಯೂನಿಫಾರಂ ಫೋಟೋ ತೋರಿಸುತ್ತಾರೆ. ಹೋದ ಸಲ ಬಂದಾಗ ನನ್ನ ಹಳೆಯ ವಾಯಲ್ ಸೀರೆಯೊಂದನ್ನು ಬೆರಳಲ್ಲಿ ಹೊಸಕಿ ನೋಡಿ, "ಚಿಕ್ಕವ್ವ, ಇದನ್ನ ನೀನು ಉಡ್ತೀಯಾ, ಇಲ್ಲಾ ಚಿಂದಿಗೆ ಕೊಡ್ತೀಯಾ?" ಎಂದಳು. ಕೊಟ್ಟೆ.